ಅಣಬೆ ರೂಮಿಗೆ ಇಎಸ್‌ಪಿ 32 (ಕೋಡ್ ಬರ್ದು ಓಡ್ಸೋ ಪುಟ್ಟ ವೈಫೈ ಬೋರ್ಡು) ಹಾಕಿ ಟೆಂಪರೇಚರ್ ಕಂಟ್ರೋಲ್ ಮಾಡಿದೋರು ಇದೀರಾ? ಅನುಭವ ಹೇಳಿ ಪ್ಲೀಸ್

ಟೆರೇಸ್ ಅಣಬೆ, ಮೈಸೂರು:
ನಮಸ್ಕಾರ ಎಲ್ರಿಗೂ. ನಮ್ಮನೆ ಟೆರೇಸ್ ಮೇಲೆ 10 ಬೈ 12 ರೂಮಿದೆ, ಮೇಲೆ ಶೀಟು. ಹೆಸರಘಟ್ಟದಿಂದ ಬೀಜ ತಂದು ಆಯ್ಸ್ಟರ್ ಅಣಬೆ ಹಾಕಿದೀನಿ, ಹುಲ್ಲು ತುಂಬಿದ 60 ಬ್ಯಾಗ್. ಮಧ್ಯಾಹ್ನ ಒಳಗೆ 36 ಆಗ್ತಿದೆ, 25ರ ಆಸುಪಾಸಿಗೆ ತರ್ಬೇಕು. ಇಎಸ್‌ಪಿ 32, ಡಿಎಚ್‌ಟಿ 22 (ಬಿಸಿ, ತೇವ ಅಳೆಯೋ ಸೆನ್ಸರ್), ನಾಲ್ಕು ಚಾನಲ್ ರಿಲೇ ಬೋರ್ಡು (ಕೋಡ್ ಹೇಳ್ದಂಗೆ ಕರೆಂಟ್ ಆನ್ ಆಫ್ ಮಾಡೋ ಸ್ವಿಚ್ಚು) ತಂದಾಗಿದೆ, ಒಂದು ಎಕ್ಸಾಸ್ಟ್ ಫ್ಯಾನು, ಒಂದು ಫಾಗರ್ ಪಂಪು (ಮಂಜಿನಂಗೆ ನೀರು ಸಿಂಪಡ್ಸೋದು) ಇದೆ. ಇನ್ನು 15 ಸಾವಿರ ಹಾಕ್ಬೋದು. ಕೋಡಿಂಗ್ ಸುಮಾರಾಗಿ ಬರತ್ತೆ. ಎರಡೇ ಪ್ರಶ್ನೆ: ಸೆನ್ಸರ್ ಎಲ್ಲಿ ನೇತಾಕ್ಬೇಕು? ಫ್ಯಾನು ಮೊದ್ಲು ಆನ್ ಆಗ್ಬೇಕಾ, ಫಾಗರ್ರಾ?

ಗುಬ್ಬಿ ಕಡೆಯೋನು:
ಬ್ರದರ್, ಶುರು ಮಾಡೋಕ್ ಮುಂಚೆ ನನ್ ಕತೆ ಕೇಳ್ಬಿಡಿ. ನಾನು ಇದೇ ಸೆಟಪ್ಪು ಮಾಡಿದ್ದು, 140 ಬ್ಯಾಗಿಗೆ. ಲೆಕ್ಕ ಬರ್ದಿಟ್ಟಿದೀನಿ ನೋಡಿ, ಬೋರ್ಡು 380ರದ್ದು ಎರಡು (ಮೊದಲ್ನೇದು ನಾನೇ ಸುಟ್ಟಿದ್ದು), ರಿಲೇ 260, ಡಿಎಚ್‌ಟಿ 22 ನಾಲ್ಕು ಸಲ ತಗೊಂಡೆ 340ರಂತೆ, ಫಾಗರ್ ಪಂಪು 4,800, ನಾಝಲ್ಲು ಪೈಪು 1,150, ಹನ್ನೆರಡಿಂಚಿನ ಫ್ಯಾನು 2,200, ಪವರ್ ಸಪ್ಲೈ 450, ಡಬ್ಬ 600, ಎಲೆಕ್ಟ್ರಿಶಿಯನ್‌ಗೆ 2,500. ಒಟ್ಟು 14,080. ಇಷ್ಟು ಕೊಟ್ಟು ನಾನು ತಗೊಂಡಿದ್ದು ಏನು ಅಂದ್ರೆ ನಿದ್ದೆ ಇಲ್ದಿರೋ ಮೂರು ತಿಂಗಳು.

ಡಿಎಚ್‌ಟಿ ಯಾಕೆ ನಾಲ್ಕು ಅಂದ್ರೆ, ಫಾಗರ್ ಇರೋ ರೂಮಲ್ಲಿ ಅದು ಬದುಕಲ್ಲ ಕಣ್ರೀ. ಮೇಲೆ ಹನಿ ಕೂತ್ರೆ ಆಯ್ತು, 99.9 ಅಂತ ಹಿಡ್ಕೊಂಡ್ಬಿಡತ್ತೆ, ಕೆಳಗೆ ಇಳಿಯೋದೇ ಇಲ್ಲ. ತೇವ ಸಾಕು ಅಂದ್ಕೊಂಡು ಬೋರ್ಡು ಫಾಗರ್ ಆನ್ ಮಾಡಲ್ಲ, ಇತ್ಲಾಗೆ ಪಿನ್ ಹೆಡ್ (ಆಗ ತಾನೇ ಮೂಡೋ ಅಣಬೆ ಮೊಗ್ಗು) ಎಲ್ಲ ಒಣಗಿ ಹಳದಿ ಆಗಿರತ್ತೆ. ಆಮೇಲೆ ಬಿಳೀ ಫಿಲ್ಟರ್ ಮುಚ್ಚಳ ಇರೋ ಎಸ್‌ಎಚ್‌ಟಿ 31 ಸೆನ್ಸರಿಗೆ ಬದಲಾಯಿಸ್ದೆ, ಅದರ ದುಡ್ಡು ಮೇಲಿನ ಲೆಕ್ಕದಲ್ಲಿಲ್ಲ.

ಅದೆಲ್ಲ ಬಿಡಿ, ನಿಜವಾದ ಹೊಡೆತ 49ನೇ ದಿನ. ಮಿಲ್ಲಿಸ್ ಅಂತ ಇರತ್ತಲ್ಲ ಕೋಡಲ್ಲಿ, ಬೋರ್ಡು ಆನ್ ಆದಾಗಿಂದ ಮಿಲಿಸೆಕೆಂಡ್ ಎಣಿಸೋದು, ಅದು 49 ದಿನ 17 ಗಂಟೆಗೆ ವಾಪಸ್ ಸೊನ್ನೆಗೆ ಬರತ್ತೆ. ನಾನು ಈಗಿನ ಟೈಮಿಂದ ಹಳೇ ಟೈಮ್ ಕಳೆದು ನೋಡೋ ಬದ್ಲು, ಮುಂದಿನ ಟೈಮು ಕೂಡಿ ಇಟ್ಕೊಂಡು ಅದಕ್ಕಿಂತ ಜಾಸ್ತಿ ಆಯ್ತಾ ಅಂತ ಚೆಕ್ ಮಾಡಿದ್ದೆ. ಸೊನ್ನೆ ಆದ್ಮೇಲೆ ಜಾಸ್ತಿ ಆಗೋದು ಎಲ್ಲಿಂದ ಬಂತು? ಫ್ಯಾನು ನಿಂತೇ ಹೋಯ್ತು. ತಮಾಷೆ ಏನ್ ಗೊತ್ತಾ, ಕರೆಂಟ್ ಹೋದ್ರೂ ನಿಲ್ಬಾರ್ದು ಅಂತ ಬೋರ್ಡನ್ನ ಇನ್ವರ್ಟರ್ ಮೇಲೆ ಹಾಕಿದ್ದೆ. ಹಾಕ್ದೆ ಇದ್ದಿದ್ರೆ ನಮ್ಮೂರಲ್ಲಿ ದಿನಕ್ಕೆ ನಾಕು ಸಲ ಕರೆಂಟ್ ಹೋಗಿ ತಾನಾಗೇ ರೀಸೆಟ್ ಆಗಿ ಬಚಾವಾಗ್ತಿದ್ದೆ. ಮದುವೆಗೆ ಅಂತ ಎರಡು ದಿನ ಊರಲ್ಲಿರ್ಲಿಲ್ಲ. ಬಂದು ನೋಡಿದ್ರೆ ಒಳಗೆ 34, ಅಣಬೆ ಎಲ್ಲ ಕಾಂಡ ಗೇಣುದ್ದ ಛತ್ರಿ ಗುಂಡಿಯಷ್ಟು, ಕಾರ್ಬನ್ ಡೈಆಕ್ಸೈಡ್ ತುಂಬ್ಕೊಂಡ್ರೆ ಹಂಗೇ. ಬಾಗ್ಲು ತೆಗೆದಿದ್ದೇ ಸ್ಪೋರು ಮೂಗಿಗೆ ಹೋಗಿ ವಾರ ಕೆಮ್ಮಿದೀನಿ. 90 ಬ್ಯಾಗಿಗೆ ಹಸಿರು ಬೂಸ್ಟು ಬಂದು ಗುಂಡಿಗೆ ಹಾಕ್ದೆ. ಬ್ಯಾಗಿಗೆ 55ರಂತೆ ನೀವೇ ಗುಣಿಸ್ಕೊಳಿ.

ಕಲಬುರ್ಗಿ ಬಿಸಿಲು:
ಏನ್ರಿ ಇದು, ಅಣಬಿ ಬೆಳ್ಯಾಕ್ಹತ್ತೀರೋ ರಾಕೆಟ್ ಬಿಡ್ಲಿಕ್ಹತ್ತೀರೋ. ನಾ ಒಂದ್ ಎಸ್‌ಟಿಸಿ 1000 (ರೆಡಿಮೇಡ್ ಟೆಂಪರೇಚರ್ ಕಂಟ್ರೋಲರ್) ಹಾಕೀನಿ, 850 ರೂಪಾಯಿ ಕೊಟ್ಟು. ಮೂರು ವರ್ಷ ಆದ್ವು, ಒಂದ್ ದಿನ ಕೈ ಕೊಟ್ಟಿಲ್ಲ. ಎಫ್ 1 ಒಳಗ (ಬೇಕಾದ ಡಿಗ್ರಿ) 26 ಇಡ್ರಿ, ಎಫ್ 2 ಒಳಗ (ಎಷ್ಟ್ ಡಿಗ್ರಿ ಫರಕಿಗಿ ಆನ್ ಆಗ್ಬೇಕು) 1, ಎಫ್ 3 ಒಳಗ (ಮತ್ತ ಆನ್ ಆಗ್ಲಿಕ್ಕ ತಡ) 3 ನಿಮಿಷ, ಮುಗೀತ್. ಕೋಡ್ ಇಲ್ಲ, ವೈಫೈ ಇಲ್ಲ, 49 ದಿನದ ಲಫಡಾನೂ ಇಲ್ಲ. ಕಿಡಕಿಗೆ ಡಬಲ್ ಪ್ಯಾಡಿನ ಕೂಲರ್ ಹೊಂದಿಸೀನಿ. ಮೇ ತಿಂಗಳದಾಗ ಹೊರಗ 42 ಇರ್ತದ, ಒಳಗ 27. ನೀರು ಮಾತ್ರ ದಿನಾ 120 ಲೀಟರ್ ಕುಡೀತದ, ಟ್ಯಾಂಕರ್ ನೀರು ಗಡಸು, ಎರಡ್ ತಿಂಗಳಿಗೊಮ್ಮಿ ಪ್ಯಾಡ್ ಮ್ಯಾಲ ಸುಣ್ಣ ಕಟ್ಟಿ ಕಲ್ ಆಗ್ತದ. ಹ್ವಾದ ವರ್ಷ ಪ್ಯಾಡಿಗೇ 1,900 ಹೋತು. ಅದ್ ಬಿಟ್ರ ಆರಾಮ್.

ಸೋಲ್ಡರ್ ಕೈ, ಬೆಂಗಳೂರು:
ಮೇಲಿನವ್ರು ಇಬ್ರೂ ಅರ್ಧ ಹೇಳಿದೀರ. ಗುಬ್ಬಿಯವ್ರೇ, ಬೇಜಾರ್ ಮಾಡ್ಕೋಬೇಡಿ, ಅದು ಬೋರ್ಡಿನ ತಪ್ಪಲ್ಲ, ನಿಮ್ಮ ಕೋಡಿನ ತಪ್ಪು. ಕಲಬುರ್ಗಿಯವ್ರೇ, ಎಸ್‌ಟಿಸಿಗೆ ತೇವ ಅನ್ನೋದೇ ಗೊತ್ತಿಲ್ಲ. ಟೆಂಪರೇಚರ್ 26 ಆಯ್ತು ಅಂತ ಕೂಲರ್ ನಿಲ್ಸಿದ್ಮೇಲೆ ಹ್ಯುಮಿಡಿಟಿ 60ಕ್ಕೆ ಬಿದ್ರೆ? ಅಣಬೆಗೆ 80-90 ಬೇಕು ಸ್ವಾಮಿ.

ನನ್ನ ಪಾಡು ಬೇರೆ. ಬಾಲ್ಕನಿಲಿ ಟೆಂಟ್ ಮಾಡಿ ಹಾಲು ಅಣಬೆ ಹಾಕಿದ್ದೆ, ಅದಕ್ಕೆ 30ರಿಂದ 35 ಬೇಕು, ಡಿಸೆಂಬರ್ ರಾತ್ರಿ ಇಲ್ಲಿ 15 ಇರತ್ತೆ. 200 ವ್ಯಾಟ್ ಹೀಟರ್, ಅದಕ್ಕೆ ಸಾಲಿಡ್ ಸ್ಟೇಟ್ ರಿಲೇ (ಸದ್ದಿಲ್ದಿರೋ ಎಲೆಕ್ಟ್ರಾನಿಕ್ ಸ್ವಿಚ್ಚು). ಡಬ್ಬದ ಮೇಲೆ 25 ಆಂಪ್ ಅಂತಿತ್ತು, ಒಳಗೆ ಏನಿತ್ತೋ ದೇವರಿಗೇ ಗೊತ್ತು. ಸಾದಾ ರಿಲೇ ಸತ್ರೆ ಸಾಮಾನ್ಯವಾಗಿ ಟಕ್ ಅನ್ನೋದು ನಿಲ್ಲತ್ತೆ, ಗೊತ್ತಾಗತ್ತೆ. ಇದು ಸತ್ರೆ ಹೆಚ್ಚಾಗಿ ಆನ್ ಆಗಿಯೇ ಸಾಯತ್ತೆ. ಬೆಳಿಗ್ಗೆ ಆರಕ್ಕೆ ಫೋನಲ್ಲಿ ನೋಡ್ತೀನಿ, "ಹೀಟರ್ ಆಫ್" ಅಂತ ಹಸಿರು ಬಣ್ಣದಲ್ಲಿ ಕಾಣ್ತಿದೆ, ಟೆಂಟ್ ಒಳಗೆ 47. ಬೇಯಿಸ್ದಂಗಾಗಿತ್ತು. ಈಗ ಹೀಟರಿನ ಸಾಲಲ್ಲೇ ಇಸ್ತ್ರಿಪೆಟ್ಟಿಗೆಲಿರೋ ಥರದ ಬೈಮೆಟಲ್ ಕಟಾಫ್ ಹಾಕಿದೀನಿ, 40 ಆದ್ರೆ ಕೋಡು ಏನೇ ಹೇಳ್ಲಿ ಕಟ್ ಆಗತ್ತೆ. 60 ರೂಪಾಯಿ ಅಷ್ಟೇ, ಮೊದಲೇ ಹಾಕಿದ್ರೆ ಆಗ್ತಿತ್ತು.

ಇನ್ನೊಂದು, ಇಎಸ್‌ಪಿ 32ರ 12ನೇ ಪಿನ್ನಿಗೆ ರಿಲೇ ಕೊಡ್ಬೇಡಿ, ಬೂಟ್ ಆಗೋವಾಗ ಅದು ಹೈ (ವೋಲ್ಟೇಜ್ ಇರೋ ಸ್ಥಿತಿ) ಇದ್ರೆ ಬೋರ್ಡ್ ಏಳೋದೇ ಇಲ್ಲ. ಎಕ್ಸಾಸ್ಟ್ ಫ್ಯಾನನ್ನ ರಿಲೇಯ ಎನ್‌ಸಿ ಕಡೆಗೆ (ರಿಲೇ ಆಫ್ ಇದ್ದಾಗ ಕರೆಂಟ್ ಹರಿಯೋ ಕಡೆ) ಕೊಡಿ, ಬೋರ್ಡ್ ಸತ್ರೂ ಫ್ಯಾನು ಓಡ್ತಿರತ್ತೆ. ನೀರಿರೋ ರೂಮು, 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಕಟ್ ಮಾಡೋ ಸ್ವಿಚ್ಚು) ಇಲ್ದೆ ಯಾರೂ ಒಳಗೆ ಕಾಲಿಡ್ಬೇಡಿ, ಇದನ್ನ ಮಾತ್ರ ಜಗಳ ಆಡ್ದೆ ಕೇಳಿ.

ಕಲಬುರ್ಗಿ ಬಿಸಿಲು:
ಕೂಲರ್ ಓಡಿದ್ರ ತೇವ ತಾನ ಬರ್ತದ್ರಿ ಸರ. ನಮ್ ಕಡಿ ಬ್ಯಾಸಗ್ಯಾಗ ಅದು ನಿಲ್ಲೂದ ಇಲ್ಲ, 60ಕ್ಕ ಬೀಳೂ ಪ್ರಶ್ನಿ ಎಲ್ಲಿ ಬಂತು. ಅದಿರ್ಲಿ, ನಿಮ್ದು ಎಷ್ಟ್ ಬ್ಯಾಗ್ ಅವ?

ಸೋಲ್ಡರ್ ಕೈ, ಬೆಂಗಳೂರು:
12. ಅದಕ್ಕೂ ಇದಕ್ಕೂ ಏನ್ ಸಂಬಂಧ?

ಕಲಬುರ್ಗಿ ಬಿಸಿಲು:
ಹನ್ನೆರಡಾ! ನಾ 400 ಬ್ಯಾಗ್ ಇಟ್ಟೀನಿ ಅಪ್ಪಾ. ನಮ್ಮ ಮನ್ಯಾಗ ಹನ್ನೆರಡು ಬ್ಯಾಗಿನ ಅಣಬಿ ಒಂದ್ ಸಂಜಿಗಿ ಪಲ್ಯಾ ಆಗ್ತದ.

ಸೋಲ್ಡರ್ ಕೈ, ಬೆಂಗಳೂರು:
ಬ್ಯಾಗ್ ಎಣಿಸಿದ್ರೆ ಓಮನ ನಿಯಮ ಬದಲಾಗಲ್ಲ.

ಕಡಲ ತಡಿ, ಕುಂದಾಪುರ:
ಕೂಲರ್ ಕೂಲರ್ ಅಂತ ಹೇಳ್ಬೇಡಿ ಮಾರಾಯ್ರೆ, ಅದನ್ನು ಕೇಳಿಯೇ ನಾನು 9,500 ಕೂಲರಿಗೆ ಹಾಕಿದ್ದು. ನಮ್ಮಲ್ಲಿ ಗಾಳಿಯಲ್ಲೇ ನೀರುಂಟು, ಪ್ಯಾಡಿನ ನೀರು ಹಾರಿದರಲ್ವಾ ತಂಪಾಗುವುದು? ಹೊರಗೆ 33, ಒಳಗೆ 31, ಮತ್ತೆ ಗೋಡೆ ಪೂರ್ತಿ ಕರಿ ಬೂಸ್ಟು. ಎರಡು ಡಿಗ್ರಿಗೆ ಒಂಬತ್ತೂವರೆ ಸಾವಿರ.

ಆಮೇಲೆ ಹಳೆ ಸ್ಪ್ಲಿಟ್ ಎಸಿ ಒಂದು ಸಿಕ್ಕಿತು, 14,000. ಅದರ ರಿಮೋಟಿನ ಕೋಡನ್ನು ಇಎಸ್‌ಪಿಗೆ ಕಲಿಸಿ ಐಆರ್ ಎಲ್‌ಇಡಿಯಿಂದ (ರಿಮೋಟಿನ ತುದಿಯಲ್ಲಿರುವ ದೀಪದಂಥದ್ದು) ಆನ್ ಆಫ್ ಮಾಡುವ ಹಾಗೆ ಮಾಡಿದೆ, ರಿಲೇ ಇಟ್ಟು ಕಂಪ್ರೆಸರ್ ಸಾಯಿಸುವುದು ಬೇಡ ಅಂತ. ಸರಿಯೇ ಇತ್ತು. ಆದರೆ ಕರೆಂಟು ಹೋಗಿ ಬಂದರೆ ಆ ಎಸಿ ತಾನಾಗಿ ಏಳುವುದಿಲ್ಲ. ಬೋರ್ಡು ಆನ್ ಅಂತ ಒಮ್ಮೆ ಹೇಳಿ ಸುಮ್ಮನಿರ್ತದೆ, ಎಸಿ ಮಲಗಿರ್ತದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟಿನ ಅವಸ್ಥೆ ನಿಮಗೆ ಗೊತ್ತುಂಟಲ್ಲ. ಮತ್ತೆ ಹತ್ತು ಹತ್ತು ನಿಮಿಷಕ್ಕೆ ಸಿಗ್ನಲ್ ಕಳಿಸುವ ಹಾಗೆ ಬರೆದೆ, ಅಷ್ಟರಲ್ಲಿ ಒಂದು ಬ್ಯಾಚ್ ಹೋಗಿಯಾಗಿತ್ತು. ಇನ್ನೊಂದು ಕಾಮಿಡಿ, ಎಸಿ ತೇವ ತೆಗೆಯುವುದು, ಫಾಗರ್ ತೇವ ಹಾಕುವುದು, ಎರಡೂ ರಾತ್ರಿಯಿಡೀ ಕುಸ್ತಿ. ಬಿಲ್ಲು 4,300 ಬಂದ ತಿಂಗಳು ಮನೆಯಲ್ಲಿ ಮಾತಿಲ್ಲ.

ಈಗ ಎಸಿ ತೆಗೆದು ಮಲಗುವ ಕೋಣೆಗೆ ಹಾಕಿದ್ದೇನೆ. ನಾನು ಹಾಲು ಅಣಬೆಗೆ ಬಂದೆ, ಕೊಯಮತ್ತೂರು ಕೃಷಿ ವಿವಿಯ ಎಪಿಕೆ 2 ತಳಿ. ನಮ್ಮ ಸೆಕೆಗೆ ಅದೇ ಸರಿ, ಮೇಲೆ ಮಣ್ಣು ಹಾಕುವ ಕೆಲಸವೊಂದು ಜಾಸ್ತಿ. ಊರಿನ ಹವೆ ನೋಡಿ ಬೀಜ ತರುವುದು ಬಿಟ್ಟು ಬೀಜ ತಂದು ಊರಿನ ಹವೆ ಬದಲಾಯಿಸಲಿಕ್ಕೆ ಹೊರಟದ್ದು ನಾನು.

ಶಿರಸಿ ಅಕ್ಕ:
ತಮ್ಮಂದಿರೇ, ನಮ್ಮಲ್ಲಿ ಮಣ್ಣಿನ ಗೋಡೆ, ಮೇಲೆ ಅಡಿಕೆ ಸೋಗೆ. ಕಿಟಕಿಗೆ ಗೋಣಿ ಕಟ್ಟಿ ದಿನಕ್ಕೆ ಮೂರು ಸಲ ನೀರು ಸಿಂಪಡಿಸ್ತೇನೆ, ಏಳು ವರ್ಷ ಆಯ್ತು. ಮಗ ಬೆಂಗಳೂರಲ್ಲಿದ್ದಾನೆ, ಅವನ ಹಟಕ್ಕೆ ಒಂದು ಸೆನ್ಸರ್ ಹಾಕಿಸ್ಕೊಂಡೆ, ಕಂಟ್ರೋಲ್ ಗಿಂಟ್ರೋಲ್ ಇಲ್ಲ, ಬರೀ ಬರ್ಕೊಳ್ಳೋದಕ್ಕೆ. ಡಿಎಸ್ 18ಬಿ20, ಸ್ಟೀಲಿನ ಬೆರಳಿನ ಥರ ಇರ್ತದಲ್ಲ ಅದು. ರೂಮಲ್ಲಿ ತೂಗಿಸಿದ್ರೆ 24 ಅಂತು. ಕುತೂಹಲಕ್ಕೆ ಬ್ಯಾಗ್ ಒಳಗೆ ಚುಚ್ಚಿ ನೋಡಿದೆ, 31! ಬೀಜ ಓಡುವಾಗ (ಅಣಬೆಯ ಬಿಳಿ ಎಳೆ ಹುಲ್ಲೆಲ್ಲ ಹಬ್ಬುವಾಗ) ಹುಲ್ಲಿನೊಳಗೆ ತನ್ನದೇ ಬಿಸಿ ಹುಟ್ತದೆ. ನೀವೆಲ್ಲ ರೂಮಿನ ಗಾಳಿ ಅಳೀತಾ ಕೂತಿದ್ದೀರಿ, ಜ್ವರ ಇರೋದು ಮಗುವಿಗೆ, ಥರ್ಮಾಮೀಟರ್ ಗೋಡೆಗೆ. ಒಂದರ ಮೇಲೊಂದು ಪೇರಿಸಿದ್ದ ಬ್ಯಾಗನ್ನ ಬಿಡಿಬಿಡಿಯಾಗಿ ನೇತು ಹಾಕಿದೆ, ಮರುದಿನ 27ಕ್ಕೆ ಇಳೀತು. ಖರ್ಚು ಸುತಳಿ ಹುರಿದು.

ಒಂದಿನ ಮಾತ್ರ 85 ಅಂತ ತೋರಿಸ್ತು, ಬೆಂಕಿ ಬಿತ್ತೇನೋ ಅಂತ ಕೊಟ್ಟಿಗೆಯಿಂದ ಓಡಿ ಬಂದೆ.

ಸೋಲ್ಡರ್ ಕೈ, ಬೆಂಗಳೂರು:
ಅಕ್ಕ, ಅದು ಬೆಂಕಿ ಅಲ್ಲ. ಆ ಸೆನ್ಸರಿಗೆ ಕರೆಂಟ್ ಬಂದ ತಕ್ಷಣ ಅಳೆಯೋಕ್ ಮುಂಚೆ 85 ಅಂತಲೇ ಇರತ್ತೆ, ವೈರ್ ಲೂಸ್ ಆಗಿ ಮತ್ತೆ ಕೂತಿರತ್ತೆ. ಪೂರ್ತಿ ಕಿತ್ತು ಬಂದ್ರೆ ಮೈನಸ್ 127 ತೋರ್ಸತ್ತೆ. ಕೋಡಲ್ಲಿ ಈ ಎರಡನ್ನೂ ಬಿಟ್ಬಿಡು ಅಂತ ಮಗಂಗೆ ಹೇಳಿ, 4.7 ಕೆ ರೆಸಿಸ್ಟರ್ ಹಾಕಿದಾನಾ ಕೇಳಿ.

ಗುಬ್ಬಿ ಕಡೆಯೋನು:
ಅಕ್ಕಾ, ಹಸಿರು ಬೂಸ್ಟಿಗೆ ಏನ್ ಮಾಡ್ತೀರ? ನಂಗೆ ಈಗ್ಲೂ ನೂರಕ್ಕೆ ಹತ್ತು ಬ್ಯಾಗ್ ಹೋಗತ್ತೆ.

ಶಿರಸಿ ಅಕ್ಕ:
ಬ್ಯಾಗಿಗೆ ತುಂಬೋ ಮುಂಚೆ ಹುಲ್ಲನ್ನ ನೆನೆಸಿ ಹಂಡೆಯಲ್ಲಿ ಕುದಿಸೋದು ಅಷ್ಟೆ.

ಕಡಲ ತಡಿ, ಕುಂದಾಪುರ:
ಕುದಿಸ್ಲಿಕ್ಕೆ ಸೌದೆ ಯಾರು ಕೊಡ್ತಾರೆ. 100 ಲೀಟರ್ ನೀರಿಗೆ ಫಾರ್ಮಲಿನ್ 125 ಎಂಎಲ್, ಕಾರ್ಬೆಂಡಾಜಿಮ್ (ಬೂಸ್ಟು ಸಾಯಿಸುವ ಮದ್ದು) ಏಳೂವರೆ ಗ್ರಾಂ, ಹುಲ್ಲು ಹಾಕಿ ಹದಿನೆಂಟು ಗಂಟೆ ಮುಚ್ಚಿಡಿ. ಟ್ರೇನಿಂಗಲ್ಲಿ ಕಲಿಸಿದ್ದೇ ಇದು.

ಶಿರಸಿ ಅಕ್ಕ:
ಹೆಣ ಇಡೋ ಔಷಧಿಯಲ್ಲಿ ಹುಲ್ಲು ನೆನೆಸಿ ಅದರ ಮೇಲೆ ಬೆಳೆದಿದ್ದನ್ನ ಮಕ್ಕಳಿಗೆ ತಿನ್ನಿಸೋದಾ? ಆರ್ಗ್ಯಾನಿಕ್ ಅಂತ ಚೀಟಿ ಬೇರೆ ಅಂಟಿಸ್ತೀರೇನೋ.

ಕಡಲ ತಡಿ, ಕುಂದಾಪುರ:
ನಾನು ಯಾವಾಗ ಚೀಟಿ ಅಂಟಿಸಿದೆ? ಕಂಡದ್ದನ್ನು ಮಾತ್ರ ಹೇಳಿ ಅಕ್ಕ. ದಿನಕ್ಕೆ 80 ಕೆಜಿ ಹುಲ್ಲು ಕುದಿಸುವವರು ಬಂದು ಹೇಳ್ಲಿ, ಕೇಳ್ತೇನೆ. ನಿಮ್ಮದು ಬಚ್ಚಲ ಒಲೆ ಹೇಗೂ ಉರೀತಾ ಇರ್ತದೆ.

ಶಿರಸಿ ಅಕ್ಕ:
ಬಚ್ಚಲ ಒಲೆ ಸುಮ್ಮನೆ ಉರಿಯೋದಿಲ್ಲ ಮಾರಾಯಾ, ಸೌದೆ ಹೊರೋದು ನಾನು.

ಟೆರೇಸ್ ಅಣಬೆ, ಮೈಸೂರು:
ಎಲ್ರಿಗೂ ಥ್ಯಾಂಕ್ಸ್, ಆದ್ರೆ ನಂದು ಶೀಟ್ ರೂಮು ಅಂತ ಹೇಳಿದ್ನಲ್ಲ, ಅದಕ್ಕೆ ಏನಾದ್ರೂ...

ಸೋಲ್ಡರ್ ಕೈ, ಬೆಂಗಳೂರು:
ಹೌದಲ್ಲ ಸಾರಿ. ಶೀಟಿಗೆ ಮೊದಲು ಬಿಳಿ ಸುಣ್ಣ ಹೊಡೀರಿ, ಕೆಳಗೆ ಥರ್ಮಾಕೋಲ್ ಕೊಡಿ, ಅದಿಲ್ದೆ ಕಂಟ್ರೋಲರ್ ಹಾಕಿದ್ರೆ ತೂತು ಬಿಂದಿಗೆಗೆ ನಲ್ಲಿ ಕೂರಿಸ್ದಂಗೆ. ಸೆನ್ಸರ್ ಬ್ಯಾಗಿನ ಎತ್ತರಕ್ಕೆ, ರೂಮಿನ ಮಧ್ಯೆ, ನಾಝಲ್ ಎದುರಿಗೆ ಬೇಡ. ಇನ್ನೊಂದು ಬ್ಯಾಗಿನೊಳಗೆ, ಅಕ್ಕ ಹೇಳಿದ್ದು ಸರಿ. ಮೊದ್ಲು ಫಾಗರ್ ಮೂವತ್ತು ಸೆಕೆಂಡ್ ಓಡ್ಸಿ ಆಮೇಲೆ ಫ್ಯಾನು. ಎಸ್‌ಟಿಸಿ ಮಾತ್ರ ತರ್ಬೇಡಿ.

ಕಲಬುರ್ಗಿ ಬಿಸಿಲು:
ಅದ್ಯಾಕ್ ಬ್ಯಾಡ? ಈಗ ನೋಡ್ರಿ ನಮ್ದು, ಬೇಕಾದ್ರ ಫೋಟೋ ಹಾಕ್ತೀನಿ, 26.4 ತೋರ್ಸಲಿಕ್ಹತ್ತದ.

ಸೋಲ್ಡರ್ ಕೈ, ಬೆಂಗಳೂರು:
ಹೊರಗೆ ಎಷ್ಟಿದೆ?

ಕಲಬುರ್ಗಿ ಬಿಸಿಲು:
27. ಮಧ್ಯಾಹ್ನದಿಂದ ಮಳಿ ಹತ್ತೇದ.