ಸ್ಲೀಪ್ ಅಪ್ನಿಯಾಗೆ ಗಂಟಲಿನ ಆಪರೇಷನ್: ಒಪ್ಪುವ ಮುಂಚೆ ಏನು ಕೇಳಬೇಕು?

ಪ್ರಶ್ನೆ:
ನಮ್ಮಣ್ಣನಿಗೆ 41 ವರ್ಷ. ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಇದೆ. ಸ್ಲೀಪ್ ಸ್ಟಡಿಯಲ್ಲಿ ಎಎಚ್‌ಐ (ಗಂಟೆಗೆ ಎಷ್ಟು ಸಲ ಉಸಿರು ಕಟ್ಟುತ್ತದೆ ಅಥವಾ ಕುಗ್ಗುತ್ತದೆ ಎಂಬ ಲೆಕ್ಕ) 34 ಬಂದಿದೆ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 28. ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಮಷೀನ್ ಹಾಕಿಕೊಂಡರೆ ಎರಡು ಗಂಟೆಯೊಳಗೆ ಕಿತ್ತಿಡುತ್ತಾನೆ. ಟಾನ್ಸಿಲ್ ದೊಡ್ಡದಿದೆ, ಯುಪಿಪಿಪಿ (ಅಂಗುಳು, ಗಂಟಲಿನ ದಾರಿ ಅಗಲಿಸುವ ಆಪರೇಷನ್) ಮಾಡಬಹುದು ಎಂದು ಇಎನ್‌ಟಿ ಡಾಕ್ಟರು ಹೇಳಿದ್ದಾರೆ. ಮಾಡಿಸಿದರೆ ಮಷೀನ್ ಪೂರ್ತಿ ಬಿಡಬಹುದಾ?

ಉತ್ತರ 1:
ಮೊದಲು ಟಾನ್ಸಿಲ್ ಎಷ್ಟನೇ ಗ್ರೇಡ್ ಅಂತ ಕೇಳಿ. 1ರಿಂದ 4ರವರೆಗೆ ಅಳೆಯುತ್ತಾರೆ; 4 ಅಂದರೆ ಎರಡೂ ಕಡೆಯವು ನಡುವೆ ಹೆಚ್ಚುಕಡಿಮೆ ತಾಗುತ್ತವೆ. ಆಮೇಲೆ ನಾಲಿಗೆ ಹೊರಚಾಚದೆ ಬಾಯಿ ಅಗಲಿಸಿದಾಗ ಕಿರುನಾಲಿಗೆ ಕಾಣುತ್ತದೆಯೇ ನೋಡಬೇಕು. ಟಾನ್ಸಿಲ್ 3 ಅಥವಾ 4 ಇದ್ದು, ಕಿರುನಾಲಿಗೆ ಚೆನ್ನಾಗಿ ಕಂಡು, ಬಿಎಂಐ 40ಕ್ಕಿಂತ ಕಡಿಮೆ ಇದ್ದರೆ ಆಪರೇಷನ್ ಯಾರಿಗೆ ಫಲಿಸಬಹುದು ಎಂದು ಅಂದಾಜಿಸುವ ಫ್ರೀಡ್‌ಮನ್ ವರ್ಗೀಕರಣದ ಮೊದಲ ಹಂತ. ಇಂಥವರಲ್ಲಿ ಸುಮಾರು 80% ಜನಕ್ಕೆ ಆಪರೇಷನ್ ಯಶಸ್ವಿಯಾಗುತ್ತದೆ. ಟಾನ್ಸಿಲ್ ಚಿಕ್ಕದಿದ್ದು, ನಾಲಿಗೆಯೇ ಅಂಗುಳನ್ನು ಮುಚ್ಚಿದ್ದರೆ ಅದು 10%ಕ್ಕೂ ಕೆಳಗೆ ಬೀಳುತ್ತದೆ.

ಇನ್ನೊಂದು ಮಾತು. ಎಎಚ್‌ಐ ಅರ್ಧಕ್ಕಿಳಿದು 20ರ ಕೆಳಗೆ ಬಂದರೆ ಸಾಕು, ಸರ್ಜನ್‌ಗಳು ಅದನ್ನು ಯಶಸ್ಸು ಅನ್ನುತ್ತಾರೆ. ನಿಮ್ಮಣ್ಣನದು 34ರಿಂದ 16ಕ್ಕೆ ಇಳಿದರೂ ಆ ಲೆಕ್ಕದಲ್ಲಿ ಪಾಸು. ಆದರೆ 15ರ ಮೇಲಿರುವುದು ಮಧ್ಯಮ ಪ್ರಮಾಣದ ಕಾಯಿಲೆಯೇ. ಹಾಗಾಗಿ ಮಷೀನ್ ಬಿಟ್ಟೇ ಬಿಡಬಹುದು ಅಂತ ಮುಂಚೆಯೇ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಉತ್ತರ 2:
ಮೇಲಿನವರು ಹೇಳಿದ್ದು ಎಚ್ಚರವಿದ್ದಾಗಿನ ಪರೀಕ್ಷೆ. ಕತ್ತರಿ ಹಾಕುವ ಮುಂಚೆ ಡೈಸ್ (ಔಷಧದಿಂದ ನಿದ್ದೆ ಬರಿಸಿ ಗಂಟಲು ನೋಡುವ ಪರೀಕ್ಷೆ) ಮಾಡಿಸಿ. ಪ್ರೊಪೊಫಾಲ್ ಎಂಬ ನಿದ್ದೆಯ ಔಷಧ ನಿಧಾನವಾಗಿ ಕೊಟ್ಟು, ಗೊರಕೆ ಶುರುವಾದ ಮೇಲೆ ಮೂಗಿನಿಂದ ತೆಳ್ಳಗಿನ ಸ್ಕೋಪ್ ಇಳಿಸುತ್ತಾರೆ. ಮೃದು ಅಂಗುಳು, ಗಂಟಲಿನ ಪಕ್ಕದ ಗೋಡೆ, ನಾಲಿಗೆಯ ಬುಡ, ಎಪಿಗ್ಲಾಟಿಸ್ (ಶ್ವಾಸನಾಳದ ಬಾಯಿಯ ಮುಚ್ಚಳ), ಈ ನಾಲ್ಕರಲ್ಲಿ ದಾರಿ ಎಲ್ಲಿ ಮುಚ್ಚುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ನಾಲಿಗೆಯ ಬುಡ ಹಿಂದಕ್ಕೆ ಕುಸಿಯುತ್ತಿದ್ದರೆ ಅಂಗುಳು ಎಷ್ಟು ಕೊಯ್ದರೂ ಪ್ರಯೋಜನವಿಲ್ಲ. ಯುಪಿಪಿಪಿ ಸೋಲುವುದು ಬಹುಪಾಲು ಇಲ್ಲೇ. ಔಷಧ ಜಾಸ್ತಿಯಾದರೆ ಮಾತ್ರ ಯಾರ ಗಂಟಲಾದರೂ ಕುಸಿಯುತ್ತದೆ, ಆಗ ವರದಿ ದಾರಿ ತಪ್ಪಿಸುತ್ತದೆ.

ವಿಧಾನವನ್ನೂ ಕೇಳಿ. 1981ರಲ್ಲಿ ಫುಜಿತಾ ವಿವರಿಸಿದ ಯುಪಿಪಿಪಿಯಲ್ಲಿ ಕಿರುನಾಲಿಗೆ, ಅಂಗುಳಿನ ಅಂಚು ಎಲ್ಲ ಕತ್ತರಿಸುತ್ತಿದ್ದರು. ಈಗ ಅನೇಕರು ಟಾನ್ಸಿಲ್ ತೆಗೆದು, ಅದರ ಹಿಂದಿನ ಸ್ನಾಯುವನ್ನು ಬಿಡಿಸಿ, ಮೇಲಕ್ಕೂ ಹೊರಕ್ಕೂ ಎಳೆದು ಹೊಲಿಯುತ್ತಾರೆ. ಕಿರುನಾಲಿಗೆ ಉಳಿಯುತ್ತದೆ. ನನ್ನ ಮತ ಇದಕ್ಕೇ. ಅಂಗುಳು ಅತಿಯಾಗಿ ಕೊಯ್ದರೆ ನೀರು ಮೂಗಿಗೆ ಬರುತ್ತದೆ, ಮುಂದೆ ಸಿಪ್ಯಾಪ್ ಬೇಕಾದಾಗ ಗಾಳಿಯೂ ಬಾಯಿಂದ ಸೋರುತ್ತದೆ.

ಉತ್ತರ 3:
ಆಪರೇಷನ್ ನಂತರದ್ದು ಹೇಳುತ್ತೇನೆ. ನೋವು 10ರಿಂದ 14 ದಿನ ಇರುತ್ತದೆ, ನುಂಗುವಾಗ ಕಿವಿಗೂ ಹೊಡೆಯುತ್ತದೆ. ಗಾಯದ ಮೇಲೆ ಕಟ್ಟುವ ಬಿಳಿ-ಹಳದಿ ಪೊರೆ ಕೀವಲ್ಲ, ಕೆರೆಯಬೇಡಿ. ಅದು ಕಳಚುವ 5ರಿಂದ 10ನೇ ದಿನದಲ್ಲಿ ರಕ್ತ ಬರುವ ಭಯ ಜಾಸ್ತಿ. ಕೆಂಪಗಿನ ಹಸಿ ರಕ್ತ ಕಂಡರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಓಡಿ. ನೋವಿಗೆ ಹೆದರಿ ನೀರು ಬಿಟ್ಟರೆ ಗಂಟಲು ಒಣಗಿ ನೋವು ಇನ್ನೂ ಏರುತ್ತದೆ. ಗುಟುಕು ಗುಟುಕಾಗಿ ಕುಡಿಸುತ್ತಿರಿ.

ಮೊದಲ ರಾತ್ರಿ ಊತದಿಂದ ಉಸಿರು ಇನ್ನಷ್ಟು ಕಟ್ಟಬಹುದು. ಬೆರಳಿಗೆ ಆಕ್ಸಿಮೀಟರ್, ತಲೆ ಎತ್ತರ. ಕೋಡೀನ್, ಟ್ರಮಡಾಲ್‌ನಂಥ ಮಾತ್ರೆ ಉಸಿರಾಟವನ್ನು ಕುಗ್ಗಿಸುತ್ತವೆ, ಅಪ್ನಿಯಾ ಇದೆ ಅಂತ ಅರಿವಳಿಕೆ ಡಾಕ್ಟರಿಗೆ ನೀವೇ ನೆನಪಿಸಿ.

ಪ್ರಶ್ನೆ ಕೇಳಿದವರು:
ಗೊರಕೆ ನಿಂತರೆ ಗುಣವಾಯಿತು ಅಂತಲೇ ತಾನೇ?

ಉತ್ತರ 1:
ಅಲ್ಲ, ಇಲ್ಲೇ ಎಲ್ಲರೂ ಮೋಸಹೋಗುವುದು. ಅದುರುವ ಅಂಗುಳು ಹೋದ ಮೇಲೆ ಸದ್ದು ಅಡಗುತ್ತದೆ, ಉಸಿರು ಮಾತ್ರ ಸದ್ದಿಲ್ಲದೆ ಕಟ್ಟುತ್ತಿರಬಹುದು. 3ರಿಂದ 6 ತಿಂಗಳಲ್ಲಿ ಮತ್ತೆ ಸ್ಲೀಪ್ ಸ್ಟಡಿ ಮಾಡಿಸಿ, ಆ ಅಂಕಿ ಬರುವ ತನಕ ಮಷೀನ್ ಅಟ್ಟಕ್ಕೆ ಹಾಕಬೇಡಿ. ಅಂದಹಾಗೆ ಅವರ ಮೂಗು ಕಟ್ಟುತ್ತದೆಯೇ? ಮೂಗಿನ ನಡುಗೋಡೆ ಸೊಟ್ಟಗಿದ್ದರೆ ಮಾಸ್ಕ್ ಸಹಿಸಲಾಗದಿರುವುದಕ್ಕೆ ಅದೇ ಕಾರಣವಿರಬಹುದು. ಅದನ್ನು ಸರಿಪಡಿಸಿದರೆ ಎಎಚ್‌ಐ ಅಷ್ಟೇನೂ ಇಳಿಯದು, ಆದರೆ ಮಾಸ್ಕ್ ಹಾಕಿ ಮಲಗುವುದು ಸಲೀಸಾಗುತ್ತದೆ.