ಸಹಾಯ ಬೇಕು: ‘ಇಟ್ಸ್’ ನನ್ನನ್ನು ಸೋಲಿಸಿದೆ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬರೆಯಲು ಕುಳಿತರೆ ಕೈ ತಡೆಯುತ್ತದೆ. ‘ಅಫೆಕ್ಟ್’ ಸಾಮಾನ್ಯವಾಗಿ ಕ್ರಿಯಾಪದ, ‘ಎಫೆಕ್ಟ್’ ನಾಮಪದ ಎಂದು ಹೇಗೋ ಬಾಯಿಪಾಠ ಮಾಡಿಕೊಂಡಿದ್ದೇನೆ. ಕಷ್ಟವಿರುವುದು ‘ಇಟ್ಸ್’ನಲ್ಲಿ. ‘ರಾಮನ’ ಎನ್ನಲು ಹೆಸರಿಗೆ ಅಪಾಸ್ಟ್ರಫಿ (ಮೇಲ್ಗಡೆ ಹಾಕುವ ಅಲ್ಪವಿರಾಮದಂಥ ಚಿಹ್ನೆ) ಹಾಕಿ ಎಸ್ ಸೇರಿಸುತ್ತೇವೆ. ಅದೇ ಲೆಕ್ಕದಲ್ಲಿ ‘ಅದರ’ ಎನ್ನುವಾಗಲೂ ಆ ಚಿಹ್ನೆ ಬರಬೇಕಲ್ಲವೇ? ಬರಬಾರದಂತೆ! ಹಾಕಿದರೆ ಅದು ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂಬುದರ ಸಂಕ್ಷಿಪ್ತ ರೂಪವಾಗುತ್ತದಂತೆ. ಕಿವಿಗೆ ಎರಡೂ ಒಂದೇ, ಕನ್ನಡ ಲಿಪಿಯಲ್ಲಿ ಬರೆದರೂ ಒಂದೇ. ನಿಯಮ ಗೊತ್ತಿದ್ದೂ ಪ್ರತಿ ಸಲ ತಪ್ಪುತ್ತೇನೆ.

ವಾಕ್ಯರಚನೆಯಲ್ಲೂ ಒಂದು ತೊಡಕಿದೆ. ‘ಅವನು ವೈದ್ಯ’ ಎಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು, ಕ್ರಿಯಾಪದದ ಹಂಗೇ ಇಲ್ಲ. ಇಂಗ್ಲಿಷಿನಲ್ಲಿ ನಡುವೆ ‘ಈಸ್’ ಬೇಕು, ‘ಎ’ ಕೂಡ ಬೇಕು. ಮನಸ್ಸಿನಲ್ಲಿ ಕನ್ನಡ ವಾಕ್ಯ ಕಟ್ಟಿಕೊಂಡು ಬರೆಯುವ ನನಗೆ ಇವೆರಡರಲ್ಲಿ ಒಂದಾದರೂ ಬಿಟ್ಟುಹೋಗುತ್ತದೆ.

ದೊಡ್ಡ ವ್ಯಾಕರಣ ಪುಸ್ತಕ ಬೇಡ, ಅರ್ಧಕ್ಕೆ ಬಿಟ್ಟವು ಈಗಾಗಲೇ ಮೂರಿವೆ. ಬರೆದದ್ದನ್ನು ನಾನೇ ತಿದ್ದಿಕೊಳ್ಳಲು ನೀವು ಬಳಸುವ ಉಪಾಯವಿದ್ದರೆ ದಯವಿಟ್ಟು ಒಂದೆರಡು ಉದಾಹರಣೆಗಳೊಂದಿಗೆ ತಿಳಿಸಿ.