ಫೈಬರ್ ಬಾನೆಟ್ ಚಾಸಿ ಮೇಲೆ ಕೂರುತ್ತಿಲ್ಲ, ಒಂದು ಮೂಲೆ ಎದ್ದು ನಿಂತಿದೆ

ಮಲೆನಾಡ್_ಬಗ್ಗಿ: ಯಾರಾದರೂ ಬೇಗ ಹೇಳಿ, ತಲೆ ಕೆಟ್ಟು ಹೋಗಿದೆ. ತೋಟದಲ್ಲಿ ಓಡಿಸೋಕೆ ಮನೆಯಲ್ಲೇ ಬಗ್ಗಿ (ಚಿಕ್ಕ ತೆರೆದ ಗಾಡಿ) ಕಟ್ಟುತ್ತಿದ್ದೇನೆ. ಬಾನೆಟ್ ಅಚ್ಚಿನಿಂದ ಚೆನ್ನಾಗಿಯೇ ಬಂತು, ಹೊಳಪೂ ಇದೆ. ಆದರೆ ಚಾಸಿ ಮೇಲಿಟ್ಟರೆ ಎಡಗಡೆ ಮುಂದಿನ ಮೂಲೆ ಬೆರಳು ತೂರುವಷ್ಟು ಎದ್ದಿರುತ್ತೆ. ಬೋಲ್ಟ್ ಬಿಗಿದರೆ ಕೂರುತ್ತೆ, ಆಗ ತೂತಿನ ಸುತ್ತ ಜೆಲ್ ಕೋಟ್ (ಹೊರಗಿನ ಹೊಳಪಿನ ಪದರ) ಸಣ್ಣಗೆ ಬಿರುಕು ಬಿಡುತ್ತಿದೆ.

ವೆಲ್ಡಿಂಗ್_ಅಣ್ಣ: ಚಾಸಿ ತಿರುಚಿಕೊಂಡಿದೆ. ಮೂಲೆಯಿಂದ ಮೂಲೆಗೆ ಅಳೆದು ನೋಡಿ.

ಮಲೆನಾಡ್_ಬಗ್ಗಿ: ಅಳೆದೆ ಸಾರ್. ಎರಡೂ ಒಂದೇ.

ವೆಲ್ಡಿಂಗ್_ಅಣ್ಣ: ಅದರಿಂದ ಚೌಕ ಸರಿ ಇದೆ ಅಂತ ಗೊತ್ತಾಗುತ್ತೆ ಅಷ್ಟೇ, ತಿರುಚಿದ್ದು ಗೊತ್ತಾಗಲ್ಲ. ಗಾರೆಯವರ ಹತ್ತಿರ ಇರುವ ನೀರಿನ ಟ್ಯೂಬ್ ತಂದು ನಾಲ್ಕೂ ಮೂಲೆಯ ಮಟ್ಟ ನೋಡಿ.

ಮಲೆನಾಡ್_ಬಗ್ಗಿ: ಮಟ್ಟವೂ ಸರಿ ಇದೆ.

ವೆಲ್ಡಿಂಗ್_ಅಣ್ಣ: ಇನ್ನೊಮ್ಮೆ ನೋಡಿ. ಮೊದಲು ಅಲ್ಲಲ್ಲಿ ಚುಕ್ಕೆ ವೆಲ್ಡ್ (ಟ್ಯಾಕ್) ಹಾಕದೆ ಒಂದೇ ಕಡೆಯಿಂದ ವೆಲ್ಡ್ ಮಾಡುತ್ತಾ ಹೋದರೆ ಪೈಪ್ ಎಳೆದುಕೊಳ್ಳುತ್ತೆ. ನಮ್ಮ ಶೆಡ್‌ನಲ್ಲಿ ಎಲ್ಲವೂ ಜಿಗ್ ಮೇಲೆಯೇ, ಅಂದರೆ ಪೈಪ್ ಅಲುಗದಂತೆ ಹಿಡಿಯುವ ಚೌಕಟ್ಟಿನ ಮೇಲೆ.

ಕರಾವಳಿ_ಫೈಬರ್: ಚಾಸಿ ಸ್ವಲ್ಪ ಬಿಡಿ ಅಣ್ಣ. ಬಾನೆಟ್ಟನ್ನು ಮತ್ತೆ ಅಚ್ಚಿನೊಳಗೆ ಇಟ್ಟು ನೋಡಿ. ಅಲ್ಲೂ ಅದೇ ಮೂಲೆ ಎದ್ದರೆ ಬಾನೆಟ್ಟೇ ಸೊಟ್ಟಗಾಗಿದೆ. ಮ್ಯಾಟ್ (ಗ್ಲಾಸ್ ಎಳೆಗಳ ಹಾಸು) ಎಷ್ಟು ಪದರ? ಹಾರ್ಡನರ್ (ರೆಸಿನ್ ಗಟ್ಟಿ ಮಾಡುವ ದ್ರವ) ಎಷ್ಟು? ಅಚ್ಚಿನಿಂದ ಯಾವಾಗ ಬಿಡಿಸಿದಿರಿ? ಮುಖ್ಯವಾದದ್ದೇ ಹೇಳಿಲ್ಲ.

ಮಲೆನಾಡ್_ಬಗ್ಗಿ: ಅಚ್ಚಿನಲ್ಲೂ ಎದ್ದಿದೆ! 450ರ ಮ್ಯಾಟ್ (ಚದರ ಮೀಟರಿಗೆ 450 ಗ್ರಾಂ) ಎರಡು ಪದರ, ಮಾಮೂಲಿ ಪಾಲಿಯೆಸ್ಟರ್ ರೆಸಿನ್, ಹಾರ್ಡನರ್ 2%. ಬೆಳಿಗ್ಗೆ ಹಾಕಿ ಸಂಜೆ ತೆಗೆದೆ. ಗಟ್ಟಿ ಆಗಿತ್ತಲ್ಲ?

ಎಪಾಕ್ಸಿ_ಪ್ರಿಯ: ಪಾಲಿಯೆಸ್ಟರ್ ಕುಗ್ಗುತ್ತೆ. ಎಪಾಕ್ಸಿ ರೆಸಿನ್ ಬಳಸಿ.

ಕರಾವಳಿ_ಫೈಬರ್: ಆ ಮ್ಯಾಟ್‌ಗಾ? ಅದರ ಎಳೆಗಳನ್ನು ಹಿಡಿದಿರುವ ಅಂಟು ಕರಗೋದು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಅನ್ನೋ ದ್ರಾವಕಕ್ಕೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಮ್ಯಾಟ್ ಬಿರುಸಾಗಿಯೇ ಉಳಿದು ಮೂಲೆಗಳಲ್ಲಿ ಕೂರಲ್ಲ.

ಎಪಾಕ್ಸಿ_ಪ್ರಿಯ: ನಾನು ಹೇಳಿದ್ದು ನೇಯ್ದ ಗ್ಲಾಸ್ ಬಟ್ಟೆಗೆ. ನನ್ನ ಕಾರಿನ ನಾಲ್ಕೂ ಮಡ್‌ಗಾರ್ಡ್ ಹಾಗೇ ಮಾಡಿದ್ದು, ವ್ಯಾಕ್ಯೂಮ್ ಪಂಪ್ ಇಟ್ಟು.

ಕರಾವಳಿ_ಫೈಬರ್: ಒಳ್ಳೇದೇ. ಇವರ ಹತ್ತಿರ ಪಂಪ್ ಇಲ್ಲ ಅಲ್ವಾ?

ಬಗ್ಗಿಯವರೇ, ಮುಟ್ಟಿದರೆ ಗಟ್ಟಿ ಅನಿಸಿದರೂ ರೆಸಿನ್ ಇನ್ನೂ ದಿನಗಟ್ಟಲೆ ಕುಗ್ಗುತ್ತಿರುತ್ತೆ. ಅಚ್ಚಿನ ಆಸರೆ ತಪ್ಪಿದರೆ ಬಾಗುತ್ತೆ. ಅದೂ ಎರಡೇ ಪದರ, ಒಳಗಡೆ ಬಲಕ್ಕೆ ಪಟ್ಟಿ ಬೇರೆ ಇಲ್ಲ. ಅಚ್ಚಿಗೆ ವ್ಯಾಕ್ಸ್ ಹಚ್ಚಿ ಬಾನೆಟ್ ವಾಪಸ್ ಕೂರಿಸಿ, ಅಂಚಿಗೆ ಸುತ್ತಲೂ ಕ್ಲ್ಯಾಂಪ್ ಹಾಕಿ. ಒಳಮೈಯನ್ನು 80 ನಂಬರ್ ಪೇಪರ್‌ನಿಂದ ಹೊಳಪು ಹೋಗುವವರೆಗೆ ಉಜ್ಜಿ ಇನ್ನೊಂದು ಪದರ ಹಾಕಿ. ಅದು ಗಟ್ಟಿಯಾದ ಮೇಲೆ ಉದ್ದಕ್ಕೆ ಸೀಳಿದ ಪಿವಿಸಿ ಪೈಪ್ ಅಡ್ಡಲಾಗಿ ಇಟ್ಟು ಮ್ಯಾಟ್ ಹೊದಿಸಿ. ಒಂದು ವಾರ ಮುಟ್ಟಬೇಡಿ. ಬೋಲ್ಟ್ ತೂತು ಒಂದು ಸೈಜ್ ದೊಡ್ಡದಿರಲಿ, ಅಗಲ ವಾಷರ್, ಅದರ ಕೆಳಗೆ ರಬ್ಬರ್. ಇನ್ನೊಂದು ಮಾತು, ಕೋಬಾಲ್ಟನ್ನು (ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರವ) ಮೊದಲು ರೆಸಿನ್‌ಗೆ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಅವೆರಡನ್ನೇ ನೇರ ಬೆರೆಸಿದರೆ ಬೆಂಕಿ ಹತ್ತುತ್ತೆ.

ಮಲೆನಾಡ್_ಬಗ್ಗಿ: ಎಂಜಿನ್ ಬಿಸಿಗೆ ಪಿವಿಸಿ ಮೆತ್ತಗಾಗಲ್ವಾ?

ಕರಾವಳಿ_ಫೈಬರ್: ಆಗಲಿ ಬಿಡಿ. ಪೈಪ್ ಇರೋದು ಆಕಾರಕ್ಕೆ. ಬಲ ಕೊಡೋದು ಮೇಲಿನ ಮ್ಯಾಟ್.

ವೆಲ್ಡಿಂಗ್_ಅಣ್ಣ: ಇಷ್ಟಾದ ಮೇಲೂ ಮೂಲೆ ಎದ್ದರೆ ಚಾಸಿ ಫೋಟೊ ಹಾಕಿ. ನನಗೆ ಇನ್ನೂ ಅನುಮಾನ ಇದೆ.